ಐಡಿಇಯಿಂದ ಹೊರಗಿನ ಎಡಿಟರ್‌ನಲ್ಲಿ ಫೈಲ್ ತೆರೆಯುವುದು: ಬಳಸಿದವರ ಅನುಭವ

ಪ್ರಶ್ನೆ, ಸೋಮವಾರಪೇಟೆಯಿಂದ: ಕಾಫಿ ಕೊಯ್ಲಿನ ಲೆಕ್ಕಕ್ಕಾಗಿ ಇಂಟೆಲಿಜೆ ಐಡಿಯಾ ಎಂಬ ಐಡಿಇಯಲ್ಲಿ (ಪ್ರೋಗ್ರಾಂ ಬರೆಯಲು ಬಳಸುವ ತಂತ್ರಾಂಶ) ಜಾವಾ ಪ್ರೋಗ್ರಾಂ ಬರೆಯುತ್ತಿದ್ದೇನೆ. ಉದ್ದುದ್ದ ಸಿಎಸ್‌ವಿ ಫೈಲುಗಳನ್ನು (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿಗಳು) ತಿದ್ದಲು ಮಾತ್ರ ನನಗೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಎಡಿಟರ್ ಒಗ್ಗಿದೆ. ಪ್ರತಿ ಸಲ ಫೋಲ್ಡರ್ ಹುಡುಕದೆ, ಐಡಿಇಯಿಂದಲೇ ಅದೇ ಫೈಲಿನ ಅದೇ ಸಾಲಿಗೆ ಹೋಗುವಂತೆ ಮಾಡಿಕೊಂಡವರು ದಯವಿಟ್ಟು ತಿಳಿಸಿ.

ಮಡಿಕೇರಿಯಿಂದ: ಸೆಟ್ಟಿಂಗ್ಸ್‌ನ ಟೂಲ್ಸ್ ವಿಭಾಗದಲ್ಲಿ ಎಕ್ಸ್‌ಟರ್ನಲ್ ಟೂಲ್ಸ್ ತೆರೆದು ಹೊಸ ನಮೂದೊಂದನ್ನು ಸೇರಿಸಿ. ಪ್ರೋಗ್ರಾಂ ಎಂಬ ಜಾಗದಲ್ಲಿ ಎಡಿಟರ್ ಇರುವ ಪೂರ್ಣ ಪಾತ್ (ಡಿಸ್ಕಿನಲ್ಲಿ ಅದಿರುವ ವಿಳಾಸ) ಕೊಟ್ಟು, ಆರ್ಗ್ಯುಮೆಂಟ್ಸ್ ಎಂಬಲ್ಲಿ ಲೈನ್‌ನಂಬರ್ ಹಾಗೂ ಫೈಲ್‌ಪಾತ್ ಮ್ಯಾಕ್ರೊಗಳನ್ನು, ಅಂದರೆ ಸಾಲಿನ ಸಂಖ್ಯೆ ಮತ್ತು ಫೈಲಿನ ಪಾತ್ ತಾನಾಗಿ ತುಂಬಿಕೊಳ್ಳುವ, ಎರಡು ಡಾಲರ್ ಚಿಹ್ನೆಗಳ ನಡುವಿನ ಪದಗಳನ್ನು, ಪಟ್ಟಿಯಿಂದಲೇ ಆರಿಸಿಕೊಳ್ಳಿ. ಕೈಯಲ್ಲಿ ಟೈಪ್ ಮಾಡಹೊರಟರೆ ಕೊನೆಯ ಡಾಲರ್ ಚಿಹ್ನೆ ಬಿಟ್ಟುಹೋಗುವುದೇ ಹೆಚ್ಚು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗೆ ಸಾಲಿನ ಸಂಖ್ಯೆಯನ್ನು ಅಡ್ಡಗೆರೆ ಮತ್ತು ಸಣ್ಣ ಎನ್ ಅಕ್ಷರಕ್ಕೆ ತಾಗಿಸಿಯೇ ಬರೆಯಬೇಕು, ನಡುವೆ ಜಾಗ ಬಿಡಬಾರದು. ಫೈಲ್‌ಪಾತ್ ಮ್ಯಾಕ್ರೊವನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೆ ಇಡಿ. ನನ್ನ ಫೋಲ್ಡರಿನ ಹೆಸರು ‘ತೋಟ ಲೆಕ್ಕ’ ಎಂದಿತ್ತು. ಚಿಹ್ನೆ ಹಾಕದ ಕಾರಣ ‘ತೋಟ’ ಎಂಬಲ್ಲಿಗೇ ಪಾತ್ ತುಂಡಾಗಿ, ಇಲ್ಲದ ಫೈಲಿಗಾಗಿ ಎಡಿಟರ್ ಹುಡುಕಾಡಿತು. ಕೀಮ್ಯಾಪ್ ಎಂಬ ಕೀಲಿಗಳ ಸೆಟ್ಟಿಂಗ್‌ನಲ್ಲಿ ಇದಕ್ಕೊಂದು ಶಾರ್ಟ್‌ಕಟ್ ಕೊಟ್ಟರೆ ಮೆನು ತಡಕುವ ಕೆಲಸವೂ ಉಳಿಯುತ್ತದೆ. ವಿಮ್ ಎಂಬ ಎಡಿಟರ್ ಬಳಸುವವರು ಸಾಲಿನ ಸಂಖ್ಯೆಗೆ ಮೊದಲು ಕೂಡಿಸುವ ಚಿಹ್ನೆ ಹಾಕಬೇಕು.

ಗೋಣಿಕೊಪ್ಪದಿಂದ: ಮೇಲಿನವರು ಹೇಳಿದ್ದು ಸರಿಯಾಗಿದೆ, ಆದರೆ ತೆರೆಯುವುದಕ್ಕಿಂತ ಹಿಂದಿರುಗುವಾಗಲೇ ಎಚ್ಚರ ಹೆಚ್ಚು ಬೇಕು ಎಂಬುದು ಎಕ್ಲಿಪ್ಸ್ ಎಂಬ ಇನ್ನೊಂದು ಐಡಿಇ ಬಳಸುವ ನನ್ನ ಅನುಭವ. ಕಕ್ಕಡದ ಮಳೆಗೆ ಕರೆಂಟ್ ಹೋಗಿ ಯುಪಿಎಸ್ ಕೂಗುತ್ತಿದ್ದ ಒಂದು ಮಧ್ಯಾಹ್ನ, ಎಕ್ಲಿಪ್ಸ್‌ನಲ್ಲಿ ಅರ್ಧ ತಿದ್ದಿದ್ದ ಫೈಲನ್ನು ಸೇವ್ ಮಾಡದೆಯೇ ಹೊರಗಿನ ಎಡಿಟರ್‌ನಲ್ಲಿ ತೆರೆದೆ. ಅಲ್ಲಿ ಬಂದದ್ದು ಡಿಸ್ಕಿನಲ್ಲಿದ್ದ ಹಳೆಯ ಪ್ರತಿ. ಅದನ್ನೇ ತಿದ್ದಿ ಸೇವ್ ಮಾಡಿ, ಮರಳಿ ಎಕ್ಲಿಪ್ಸ್‌ಗೆ ಬಂದು ಮತ್ತೆ ಸೇವ್ ಒತ್ತಿದಾಗ, ಡಿಸ್ಕಿನಲ್ಲಿ ಆಗಿರುವ ಬದಲಾವಣೆಗಳ ಮೇಲೆ ಬರೆಯಬಹುದೇ ಎಂದು ಅದು ಕೇಳಿತು. ಓದದೆ ಹೌದು ಎಂದೆ. ಹೊರಗೆ ಮಾಡಿದ ತಿದ್ದುಪಡಿಯೆಲ್ಲ ಹೋಯಿತು. ತಪ್ಪು ನನ್ನದೇ, ಪಾಪ, ಅದು ಕೇಳಿಯಂತೂ ಇತ್ತು.

ಆದ್ದರಿಂದ ಮೊದಲು ಸೇವ್ ಮಾಡಿ, ಐಡಿಇಯಲ್ಲಿ ಆ ಟ್ಯಾಬ್ ಮುಚ್ಚಿ, ಆಮೇಲೆ ಹೊರಗೆ ತಿದ್ದುತ್ತೇನೆ. ಎಕ್ಲಿಪ್ಸ್ ಬಳಸುವವರು ಪ್ರಿಫರೆನ್ಸಸ್‌ನ ಜನರಲ್ ವಿಭಾಗದ ವರ್ಕ್‌ಸ್ಪೇಸ್ ಪುಟದಲ್ಲಿ, ಹೊರಗಿನ ಬದಲಾವಣೆಗಳನ್ನು ತಾನಾಗಿ ರಿಫ್ರೆಶ್ ಮಾಡುವ ಆಯ್ಕೆಗೆ ಗುರುತು ಹಾಕಿಕೊಳ್ಳಬಹುದು. ಇಲ್ಲವಾದರೆ ಫೈಲನ್ನು ಆರಿಸಿ ಎಫ್5 ಒತ್ತಬೇಕು. ಇಂಟೆಲಿಜೆಯಲ್ಲಾದರೆ, ಬೇರೆ ಅಪ್ಲಿಕೇಶನ್‌ಗೆ ಹೋಗುವಾಗ ಫೈಲುಗಳನ್ನು ಸೇವ್ ಮಾಡುವ ಆಯ್ಕೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿದೆ. ನಿಮ್ಮ ಸಿಎಸ್‌ವಿಯಲ್ಲಿ ಕೆಲಸದವರ ಹೆಸರು ಕನ್ನಡದಲ್ಲಿದ್ದರೆ ಐಡಿಇ, ಎಡಿಟರ್ ಎರಡೂ ಕಡೆ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಕ್ರಮ) ಯುಟಿಎಫ್-8 ಎಂದೇ ಇದೆಯೇ ಎಂದೂ ನೋಡಿಕೊಳ್ಳಿ.