ಸಹಾಯ ಬೇಕು: ಗ್ವಾಡಿ ಮ್ಯಾಲೆ ಸ್ಪ್ರೇ ಪೇಂಟ್ ಬರಿಯೋದು ನಿಲ್ಸೋದು ಹೆಂಗ್ರಿ?
ನಮಸ್ಕಾರ್ರಿ ಎಲ್ಲಾರಿಗೂ, ರಾಯಚೂರು ಕೋಟಿ ಹತ್ರದ ನಮ್ಮ ಓಣ್ಯಾಗ ಕಾಂಪೌಂಡು, ಅಂಗಡಿ ಶಟರ್ ಒಂದೂ ಬಿಡದಂಗ ರಾತ್ರಿ ಯಾರೋ ಹೆಸ್ರು, ಹಾರ್ಟು, ಬಾಣ ಬರ್ದು ಹೋಗ್ತಾರ, ಈಗ 1294ರ ಶಾಸನ ಇರೋ ಕೋಟಿ ಕಲ್ಲಿಗೂ ಕೆಂಪು ಬಣ್ಣ ಹೊಡ್ದಾರ, ನೋಡಿದ್ರ ಹೊಟ್ಟಿ ಉರೀತೈತ್ರಿ. ಬರ್ದದ್ದು ಲಗೂ ಅಳಿಸಿದ್ರ ಮತ್ತ ಬರಿಯೋರು ಕಮ್ಮಿ ಆಗ್ತಾರ, ಅದಕ್ಕ ಫೋಟೋ ತಗ್ದು ಇಟ್ಕೊಂಡು ನಮ್ಮ ಗ್ವಾಡಿಗೆ ಮೊದ್ಲಿದ್ದ ಬಣ್ಣಾನ ಮತ್ತ ಹೊಡ್ಯಾಕ ಹತ್ತೀವಿ. ಕೋಟಿ ಕಲ್ಲಿಗೆ ಮಾತ್ರ ಆಸಿಡ್ಡು, ತಂತಿ ಬ್ರಷ್ಷು ಹಚ್ಚಬ್ಯಾಡ್ರಿ, ಕಲ್ಲು ಕಿತ್ತು ಬರ್ತೈತಿ, ಅದು ಪುರಾತತ್ವ ಇಲಾಖೆಯವ್ರ ಕೆಲ್ಸ. ಅವ್ರಿಗೆ ಅರ್ಜಿ ಹೆಂಗ ಬರೀಬೇಕು, 1981ರ ತೆರೆದ ಸ್ಥಳ ವಿರೂಪ ತಡೆ ಕಾಯ್ದೆ ನಮ್ಮೂರಿಗೆ ಹತ್ತತೈತೇನು, ಗೊತ್ತಿದ್ದೋರು ಹೇಳ್ರಿ. ಮೂಲಿ ಬೀದಿ ಲೈಟೂ ಹತ್ತವಲ್ದು, ಕತ್ತಲಾಗೇ ಬರೀತಾರ ನೋಡ್ರಿ, ಅದನ್ನ ರಿಪೇರಿ ಮಾಡ್ಸಾಕ ಜೊತಿಗೆ ಬರೋರು, ಉಳಿದ ಪೇಂಟ್ ಡಬ್ಬಿ ಕೊಡೋರು ಯಾರರ ಇದ್ರ ಬ್ಯಾಗ ತಿಳಸ್ರಿ.