ಇಂಕಾ ಟ್ರೇಲ್ ಒಂದೇ ದಿನದಲ್ಲಿ ನಡೆಯಬಹುದಾ?

ಕಡಲತೀರದವ, ಕಾರವಾರ:
ಪೆರುವಿಗೆ ಹೊರಟಿದ್ದೇವೆ ಮಾರಾಯ್ರೆ, ಇಂಕಾಗಳ ಹಳೆ ಊರು ಮಾಚು ಪಿಚುಗೆ ಹೋಗುವ ಇಂಕಾ ಟ್ರೇಲ್ ನಡೆಯೋಕೆ. ನಾಲ್ಕು ದಿನದ ಟ್ರೆಕ್‌ಗೆ ರಜೆ ಸಾಲದು, ಒಂದು ದಿನದ್ದು ಮಾಡೋಣ ಅಂತ. ಹುಟ್ಟಿದಾಗಿನಿಂದ ಸಮುದ್ರದ ಪಕ್ಕ ಇದ್ದವನಿಗೆ ಉಸಿರು ಕಟ್ಟುತ್ತಾ? ಗೈಡ್ ಬೇಕೇ ಬೇಕಾ?

ಅಡಿಕೆ ತೋಟ, ಶಿರಸಿ:
ಬೇಕೇ ಬೇಕು. ಗೈಡ್, ಪರ್ಮಿಟ್ ಇಲ್ಲದೆ ಬಿಡುವುದಿಲ್ಲ, ಪಾಸ್‌ಪೋರ್ಟ್ ಕೂಡ ನೋಡುತ್ತಾರೆ. ಒಲ್ಲಾಂಟಾಯ್ಟಾಂಬೊ ಅನ್ನೋ ಊರಲ್ಲಿ ರೈಲು ಹತ್ತಿ, ಹಳಿಯ 104ನೇ ಕಿಲೋಮೀಟರ್‌ನಲ್ಲಿ ಇಳಿಯಬೇಕು. ಅಲ್ಲಿಂದ ವಿನ್ಯಾಯ್ ವಾಯ್ನಾ ಅನ್ನೋ ಇಂಕಾ ಅವಶೇಷಗಳವರೆಗೆ ಏರೋ ಏರು, ಮೇಲೆ ಬಿಸಿಲು ಬೇರೆ, ನಾನು ಮಂಡಿ ಹಿಡಿದುಕೊಂಡು ಕೂತದ್ದು ಅಲ್ಲೇ, ಆದರೆ ಇಳಿಜಾರಿನಲ್ಲಿ ಕಲ್ಲು ಕಟ್ಟಿ ಮಾಡಿದ ಆ ಮೆಟ್ಟಿಲು ಗದ್ದೆಗಳನ್ನು ಕಂಡಾಗ ಸುಸ್ತು ಮರೆತುಹೋಯಿತು. ಕೊನೆಗೆ ಇಂತಿ ಪುಂಕು, ಅಂದರೆ ಸೂರ್ಯನ ಬಾಗಿಲು. ಅಲ್ಲಿ ನಿಂತರೆ ಮಾಚು ಪಿಚು ಕೆಳಗೆ ಕಾಣುತ್ತದೆ.

ಘಟ್ಟದ ಮೇಲಿನವಳು:
ಉಸಿರಿನ ತೊಂದರೆ ದಾರಿಗಿಂತ, ಟ್ರೆಕ್‌ಗೆ ಮೊದಲು ಉಳಿಯುವ ಕುಸ್ಕೋ ಊರಲ್ಲೇ ಜಾಸ್ತಿ. ಅದು ಸುಮಾರು 3,400 ಮೀಟರ್ ಎತ್ತರ, ಈ ದಾರಿ 2,700ರ ಆಸುಪಾಸು ದಾಟುವುದಿಲ್ಲ. ಮೊದಲ ಎರಡು ದಿನ ಸುಮ್ನೆ ಇರಿ. ಅಭ್ಯಾಸಕ್ಕೆ ಉಂಚಳ್ಳಿ ಜಲಪಾತದ ಮೆಟ್ಟಿಲು ನಾಲ್ಕು ಸಲ ಹತ್ತಿ ಇಳಿಯಿರಿ, ಮಳೆಗಾಲದಲ್ಲಾದರೆ ಉಂಬಳ (ಜಿಗಣೆ) ಫ್ರೀ!

ಕಡಲತೀರದವ, ಕಾರವಾರ:
ಫೆಬ್ರವರಿ ಆಗುತ್ತಾ?

ಅಡಿಕೆ ತೋಟ, ಶಿರಸಿ:
ಬೇಡ, ಆಗ ಅಲ್ಲಿ ಜೋರು ಮಳೆ. ಜೂನ್ ನೋಡಿ.