ಗಾಂಜಾ ವೇಪೊರೈಸರ್: ಕೈಯಲ್ಲಿ ಹಿಡಿಯುವುದೋ, ಮೇಜಿನ ಮೇಲಿಡುವುದೋ?

ಪ್ರಶ್ನೆ (ಹೊಸಬ)

ಕಾನೂನಿನ ಒಪ್ಪಿಗೆ ಇರುವ ಕಡೆ, ವೈದ್ಯರ ಚೀಟಿಯ ಮೇಲೆ ನೋವಿಗೆ ಗಾಂಜಾದ ಒಣ ಹೂವನ್ನು ವೇಪೊರೈಸರ್‌ನಲ್ಲಿ (ಸುಡದೆ ಕಾಯಿಸಿ ಆವಿ ಮಾಡುವ ಸಾಧನ) ಬಳಸುವವರ ಬಗ್ಗೆ ಕೇಳುತ್ತಿದ್ದೇನೆ. ದಿನಕ್ಕೆ ಎರಡು ಸಲ, ಪ್ರತಿ ಸಲ 0.1 ಗ್ರಾಂ. ಜೋರಾಗಿ ಉಸಿರೆಳೆಯಲು ಆಗುವುದಿಲ್ಲ. ಈಗಿರುವುದು ಕೈಯಲ್ಲಿ ಹಿಡಿಯುವ ಚಿಕ್ಕ ಪೋರ್ಟಬಲ್. ಮೇಜಿನ ಮೇಲಿಡುವ ಡೆಸ್ಕ್‌ಟಾಪ್ ತೆಗೆದುಕೊಂಡರೆ ನಿಜವಾಗಿ ಉಪಯೋಗವಿದೆಯೇ? ಎರಡರಲ್ಲೂ 185 ಡಿಗ್ರಿ ಸೆಲ್ಸಿಯಸ್ ಇಟ್ಟರೆ ಒಂದೇ ತರಹದ ಆವಿ ಬರಬೇಕಲ್ಲವೇ?

ಬಿಸಿಗಾಳಿ

ಬರುವುದಿಲ್ಲ. ಪರದೆಯಲ್ಲಿ ಕಾಣುವ 185 ಹೂವಿನ ಬಿಸಿಯಲ್ಲ. ಸೆನ್ಸರ್ ಕೂತಿರುವುದು ಹೀಟರ್ ಪಕ್ಕದಲ್ಲಿ, ಇಲ್ಲವೇ ಹೂವಿನ ಪುಡಿ ಹಾಕುವ ಬಟ್ಟಲಿನ ಗೋಡೆಯಲ್ಲಿ. ಅಲ್ಲಿಂದ ಪುಡಿಯ ನಡುವಿಗೆ ಬಿಸಿ ಹೇಗೆ ತಲುಪುತ್ತದೆ ಅನ್ನುವುದರಲ್ಲೇ ಎಲ್ಲ ವ್ಯತ್ಯಾಸ ಇದೆ.

ಚಿಕ್ಕ ಪೋರ್ಟಬಲ್‌ಗಳಲ್ಲಿ ಬಹುಪಾಲು ಕಂಡಕ್ಷನ್: ಕಾದ ಗೋಡೆಗೆ ಪುಡಿ ತಾಗಿ ಬೇಯುತ್ತದೆ. ನೀವು ಎಳೆಯದೆ ಸುಮ್ಮನಿದ್ದರೂ ಬೇಯುತ್ತಲೇ ಇರುತ್ತದೆ. ವೊಲ್ಕೇನೊ ಎಂಬ ಮಾದರಿಯ ತರಹದ ಡೆಸ್ಕ್‌ಟಾಪ್ ಮುಖ್ಯವಾಗಿ ಕನ್ವೆಕ್ಷನ್: ಕಾದ ಗಾಳಿ ಪುಡಿಯ ಮೂಲಕ ಹಾಯುತ್ತದೆ, ಗಾಳಿ ನಿಂತರೆ ಆವಿಯೂ ಬಹುತೇಕ ನಿಲ್ಲುತ್ತದೆ. ಗೋಡೆಯ ಸಾಕೆಟ್‌ನಿಂದ ವಿದ್ಯುತ್ ಬರುವುದರಿಂದ, ಗಾಳಿ ಹರಿಯುವಾಗ ಕಳೆದುಹೋಗುವ ಬಿಸಿಯನ್ನು ಅದು ಕೂಡಲೇ ತುಂಬಿಕೊಳ್ಳುತ್ತದೆ. ಪೋರ್ಟಬಲ್‌ಗಳಲ್ಲಿ ಹಾಕುವ 18650 ಅಳತೆಯ ಒಂದು ಬ್ಯಾಟರಿ ಸೆಲ್‌ನಲ್ಲಿ ಇರುವುದೇ ಸುಮಾರು 10 ವ್ಯಾಟ್-ಅವರ್ ಶಕ್ತಿ. ಅದರಲ್ಲಿ ಹೀಟರ್ ಕಾಯಬೇಕು, ಕಾದದ್ದು ಆರದಂತೆ ಉಳಿಯಲೂ ಬೇಕು.

ಉಸಿರಿನ ತೊಂದರೆ ಇರುವವರಿಗೆ ನನ್ನ ಮತ ಬಲೂನಿನ ಡೆಸ್ಕ್‌ಟಾಪ್‌ಗೆ. ಫ್ಯಾನ್ ಆವಿಯನ್ನು ಚೀಲಕ್ಕೆ ತುಂಬುತ್ತದೆ, ನೀವು ಅದನ್ನು ನಿಮ್ಮ ಗತಿಯಲ್ಲಿ, ಮಧ್ಯೆ ನಿಲ್ಲಿಸಿ ನಿಲ್ಲಿಸಿ ಉಸಿರಾಡಬಹುದು. ಎಳೆಯುವ ಶ್ರಮ ಇಲ್ಲವೇ ಇಲ್ಲ ಅನ್ನಬಹುದು. ಆದರೆ ತುಂಬಿದ ಚೀಲವನ್ನು ಹತ್ತು ನಿಮಿಷದೊಳಗೆ ಮುಗಿಸಿ. ಆಮೇಲೆ ಆವಿ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಚೀಲ ಹಳದಿ ತಿರುಗುವುದು ಅದರಿಂದಲೇ. 0.1 ಗ್ರಾಂ ಅಂದರೆ ದೊಡ್ಡ ಬಟ್ಟಲಿನಲ್ಲಿ ತಳಕ್ಕೂ ಸರಿಯಾಗಿ ಹರಡುವುದಿಲ್ಲ, ಗಾಳಿ ಪುಡಿಯನ್ನು ಬಿಟ್ಟು ಪಕ್ಕದಿಂದ ನುಸುಳುತ್ತದೆ. ಹಾಗಾಗಿ ಡೋಸಿಂಗ್ ಕ್ಯಾಪ್ಸೂಲ್ (ಒಂದು ಸಲದ ಪುಡಿ ಹಿಡಿಸುವ ಪುಟ್ಟ ಡಬ್ಬಿ) ಮತ್ತು ಅದಕ್ಕೆ ಹೊಂದುವ ಅಡಾಪ್ಟರ್ ಬಳಸಿ.

ಎರಡುಸೆಲ್

ಬಿಸಿಗಾಳಿಯವರು ಹೇಳಿದ್ದು ಸರಿ, ಆದರೆ ಪೋರ್ಟಬಲ್ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವುದು ಬೇಡ. ಮೈಟಿ ಎಂಬ ಪೋರ್ಟಬಲ್‌ನಂಥವು ಕಂಡಕ್ಷನ್, ಕನ್ವೆಕ್ಷನ್ ಎರಡನ್ನೂ ಬೆರೆಸಿವೆ, ಎರಡು ಸೆಲ್ ಇವೆ, ಕ್ಯಾಪ್ಸೂಲ್ ಕೂಡ ಹಿಡಿಸುತ್ತದೆ. ಮೈಟಿ, ವೊಲ್ಕೇನೊ ಎರಡೂ ಒಂದೇ ಕಂಪನಿಯವು; ಎರಡಕ್ಕೂ ರೋಗಿಗಳಿಗೆಂದು ‘ಮೆಡಿಕ್’ ಆವೃತ್ತಿ ಇದೆ. ದಿನಕ್ಕೆ ಎರಡೇ ಸಲ ಅಂದರೆ ಬ್ಯಾಟರಿ ಕೊರತೆಯಾಗುವ ಮಾತಿಲ್ಲ.

ಬ್ಯಾಟರಿ ಬೇಗ ಸಾಯುವುದು ಬಳಕೆಯಿಂದ ಮಾತ್ರ ಅಲ್ಲ, ಇಡುವ ರೀತಿಯಿಂದಲೂ. ವಾರಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜ್‌ನಲ್ಲಿಡಿ. ಪೂರ್ತಿ ಖಾಲಿಯೂ ಬೇಡ, ಪೂರ್ತಿ ತುಂಬಿದ್ದೂ ಬೇಡ. ಬಿಸಿಲಲ್ಲಿ ನಿಂತ ಕಾರಿನೊಳಗಂತೂ ಬಿಡಲೇಬೇಡಿ. ಸೆಲ್ ಬಿಚ್ಚಿ ತೆಗೆಯುವ ಮಾದರಿಯಾದರೆ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಹರಿದ ಸೆಲ್ ಬಳಸಬೇಡಿ, ಬಿಡಿ ಸೆಲ್ ಕೀಲಿಕೈ ಜೊತೆ ಜೇಬಲ್ಲಿ ಇಡಬೇಡಿ. ಶಾರ್ಟ್ ಆಗಿ ಬೆಂಕಿ ಹತ್ತಬಹುದು.

‘ಪೋರ್ಟಬಲ್, ಹಾಗಾಗಿ ಎಲ್ಲಿಗೂ ಒಯ್ಯಬಹುದು’ ಅನ್ನುವುದೂ ತಪ್ಪು. ಒಳಗೆ ಅಂಟು ಉಳಿದ ಸಾಧನವನ್ನು ಗಡಿ ದಾಟಿಸಿದರೆ ಹಲವು ದೇಶಗಳಲ್ಲಿ ಅದು ಗಾಂಜಾ ಸಾಗಿಸಿದ ಲೆಕ್ಕವೇ. ಚೀಟಿ ಇದ್ದರೂ ಎಲ್ಲ ಕಡೆ ನಡೆಯದು.

ಹೊಸಬ

ಇರುವುದರಲ್ಲಿ 185ರಲ್ಲಿ ಆವಿ ತೀರಾ ತೆಳು. ಮುಗಿದ ಮೇಲೆ ತೆಗೆದು ನೋಡಿದರೆ ಅಂಚು ಕಾಫಿ ಬಣ್ಣ, ನಡುವೆ ಇನ್ನೂ ಹಸಿರು. ಬಿಸಿ ಏರಿಸಿದರೆ ಗಂಟಲು ಉರಿಯುತ್ತದೆ. ಸಾಧನವೇ ಕೆಟ್ಟಿದೆಯೇ?

ಜಾಲರಿ

ಕೆಟ್ಟಿಲ್ಲ. ಆ ಬಣ್ಣವೇ ಎಲ್ಲ ಹೇಳುತ್ತಿದೆ: ಗೋಡೆಗೆ ತಾಗಿದ್ದು ಬೆಂದಿದೆ, ನಡುವಿನದಕ್ಕೆ ಬಿಸಿ ಮುಟ್ಟಿಲ್ಲ. ಹೊಸದು ಕೊಳ್ಳುವ ಮೊದಲು ಇಷ್ಟು ಮಾಡಿ ನೋಡಿ.

ಮೊದಲು ಪುಡಿ. ಕಂಡಕ್ಷನ್‌ಗೆ ಸಣ್ಣಗೆ ಬೇಕು, ಆದರೆ ಹಿಟ್ಟಾಗಬಾರದು. ಹಿಟ್ಟಾದರೆ ಜಾಲರಿಯಿಂದ ಬಾಯಿಗೆ ಬರುತ್ತದೆ. ಬೆರಳಲ್ಲಿ ಹಿಸುಕಿದರೆ ಉಂಡೆಕಟ್ಟುವಷ್ಟು ತೇವ ಇದ್ದರೆ ಪುಡಿ ಮಾಡಿದ ಮೇಲೆ ಅರ್ಧ ಗಂಟೆ ತೆರೆದಿಡಿ. ಮೊದಲ ಎರಡು ಮೂರು ಎಳೆತದಲ್ಲಿ ಗಂಟಲು ಸುಡುವುದು ಬಹಳ ಸಲ ನೀರಿನ ಆವಿಯಿಂದ.

ಬಟ್ಟಲನ್ನು ತುಂಬಿ, ಮೇಲಿಂದ ಮೆತ್ತಗೆ ಒತ್ತಿ. ಒತ್ತಿ ತುರುಕಿದರೆ ಗಾಳಿ ಹಾಯುವುದಿಲ್ಲ, ಸಡಿಲ ಬಿಟ್ಟರೆ ಬಿಸಿ ದಾಟುವುದಿಲ್ಲ. ನಿಮ್ಮ 0.1 ಗ್ರಾಂ ಅರ್ಧಕ್ಕೇ ನಿಂತರೆ ಮೇಲಿನ ಜಾಗಕ್ಕೆ ತಯಾರಕರು ಕೊಡುವ ಉಕ್ಕಿನ ತಂತಿಯ ಪ್ಯಾಡ್ ಇಡಿ. ಹತ್ತಿ ಇಡಬೇಡಿ, ಸುಡುತ್ತದೆ.

ಸಿದ್ಧ ಎಂದು ದೀಪ ಹತ್ತಿದ ಮೇಲೂ 30ರಿಂದ 60 ಸೆಕೆಂಡ್ ಕಾಯಿರಿ. ದೀಪ ಹೇಳುವುದು ಗೋಡೆಯ ಮಾತು, ನಡುವಿನದಲ್ಲ. ಆಮೇಲೆ ತೆಳು ಸ್ಟ್ರಾದಲ್ಲಿ ಹೀರುವ ಹಾಗೆ ನಿಧಾನವಾಗಿ 8–10 ಸೆಕೆಂಡ್. ಜೋರಾಗಿ ಎಳೆದರೆ ತಣ್ಣನೆ ಗಾಳಿ ನುಗ್ಗಿ ಬಟ್ಟಲು ಆರುತ್ತದೆ, ಅಂದರೆ ನಿಮ್ಮ ಮೆಲ್ಲನೆಯ ಉಸಿರು ಇಲ್ಲಿ ಅನುಕೂಲವೇ. ಉಸಿರು ಬಿಗಿಹಿಡಿದು ಕೂರಬೇಡಿ, ಅದರಿಂದ ಹೆಚ್ಚೇನೂ ಸಿಗದು. ನಾಲ್ಕೈದು ಎಳೆತ ಆದಮೇಲೆ ತೆರೆದು ಕಡ್ಡಿಯಿಂದ ಕಲಸಿ, ಅಂಚಿನದು ನಡುವೆ ಬರಲಿ. ನಂತರ 195ಕ್ಕೆ ಏರಿಸಿ. ಮುಗಿದಾಗ ಎಲ್ಲವೂ ಒಂದೇ ಕಂದು ಬಣ್ಣಕ್ಕೆ ಬರಬೇಕು. ಕಪ್ಪಾದರೆ ಅಥವಾ ಬೂದಿ ಕಂಡರೆ ಸುಟ್ಟಿದೆ, ನೀವು ಸೇದಿದ್ದು ಹೊಗೆ. ಸುಮಾರು 230 ದಾಟಿದರೆ ಆ ಅಪಾಯ ಶುರು.

157 ಡಿಗ್ರಿಯೇ ಟಿಎಚ್‌ಸಿಯ (ಗಾಂಜಾದಲ್ಲಿ ಮತ್ತೇರಿಸುವ ಮುಖ್ಯ ಅಂಶ) ಕುದಿಬಿಂದು ಎಂದು ಓದಿ ಅಲ್ಲೇ ಇಟ್ಟುಕೊಂಡವರೂ ಇದ್ದಾರೆ. ಆ ಅಂಕಿ ಗಾಳಿಯ ಒತ್ತಡವನ್ನು ತೀರಾ ಇಳಿಸಿ ಅಳೆದದ್ದು. ಸಾಮಾನ್ಯ ಒತ್ತಡದಲ್ಲಿ 180ರಿಂದ 210ರ ನಡುವೆಯೇ ಕೆಲಸ ನಡೆಯುವುದು.

ಇನ್ನೊಂದು ಮಾತು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಪುಡಿ ಪೂರ್ತಿ ಬೇಯಲು ಶುರುವಾದರೆ ಅದೇ 0.1 ಗ್ರಾಂನಿಂದ ಈವರೆಗಿಗಿಂತ ಹೆಚ್ಚು ಸಿಗುತ್ತದೆ. ಹಾಗಾಗಿ ಮೊದಮೊದಲು ಒಂದು ಎಳೆತದ ನಂತರ 10–15 ನಿಮಿಷ ಬಿಟ್ಟು ಪರಿಣಾಮ ನೋಡಿ, ಆಮೇಲೆ ಮುಂದುವರಿಯಿರಿ; ಸಾಧನ ಬದಲಿಸಿದಾಗಲೂ ಹೀಗೆಯೇ. ಬಳಸಿದ ಮೇಲೆ ಗಾಡಿ ಓಡಿಸಬೇಡಿ. ಆವಿ ಶುದ್ಧ ಗಾಳಿಯಲ್ಲ, ಹಾಗಾಗಿ ಉಸಿರಿನ ತೊಂದರೆಯ ವಿಷಯ ಚೀಟಿ ಬರೆದ ವೈದ್ಯರಿಗೆ ಗೊತ್ತಿರಲೇಬೇಕು.

ಬಿಸಿಗಾಳಿ

ಜಾಲರಿಯವರು ಹೇಳಿದಂತೆ ಮಾಡಿಯೂ ಎಳೆಯುವುದು ಬಿಗಿ ಅನ್ನಿಸಿದರೆ ಸ್ವಚ್ಛ ಮಾಡುವ ಹೊತ್ತು ಬಂದಿದೆ. ಜಾಲರಿಯನ್ನು ಬೆಳಕಿಗೆ ಹಿಡಿಯಿರಿ, ಅದರ ರಂಧ್ರಗಳು ಮುಚ್ಚಿ ಕಂದು ಪೊರೆ ಕಾಣುತ್ತದೆ. ಲೋಹ, ಗಾಜಿನ ಬಿಡಿಭಾಗಗಳನ್ನು 90 ಶೇಕಡಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅರ್ಧ ಗಂಟೆ ನೆನೆಸಿ, ಬಿಸಿನೀರಲ್ಲಿ ತೊಳೆಯಿರಿ. ರಬ್ಬರ್ ಉಂಗುರಗಳನ್ನು ಅದರಲ್ಲಿ ನೆನೆಸಬೇಡಿ, ಉಬ್ಬಿಕೊಂಡು ಮತ್ತೆ ತಮ್ಮ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ. ಬೆಚ್ಚಗಿನ ಸಾಬೂನು ನೀರು ಸಾಕು. ಬಟ್ಟಲಿಗೆ ಆಲ್ಕೊಹಾಲ್ ಸುರಿಯಬಾರದು. ಸಾಧನ ಆಫ್ ಮಾಡಿ, ಹತ್ತಿಕಡ್ಡಿ ಒದ್ದೆ ಮಾಡಿ ಒರೆಸಿ. ವಾಸನೆ ಪೂರ್ತಿ ಹೋಗುವವರೆಗೆ ಸ್ವಿಚ್ ಹಾಕಬೇಡಿ, ಆ ಆವಿಗೆ ಬೆಂಕಿ ಹತ್ತುತ್ತದೆ. ಒಣಗಿದ ಮೇಲೆ ಒಮ್ಮೆ ಖಾಲಿಯಾಗಿ ಕಾಯಿಸಿ, ನಂತರ ಪುಡಿ ಹಾಕಿ.